ಬಿಸಿಲಿಗೆ ಹಿಡಿದ ಎಲೆ: ಮಾನ್ವಿ ಸೀಮೆಯ ಹತ್ತಿ ಹೊಲವೊಂದಕ್ಕೆ ಬಂದ ದುಂಡಾಣು ಅಂಗಮಾರಿ

ಆಗಸ್ಟ್ ಎರಡನೇ ವಾರ. ಕಾಕಾ ವಾಟ್ಸಾಪಿಗೆ ಮೂರು ಫೋಟೋ ಕಳಿಸಿದರು. ಹತ್ತಿ ಎಲೆ, ಅದರ ಮೇಲೆ ಕಂದು ಚುಕ್ಕೆ. ಹಿಂದೆಯೇ ಫೋನ್ ಬಂತು.

"ತಮ್ಮಾ, ಕೆಳಗಿನ ಎಲಿಗೆಲ್ಲಾ ಚುಕ್ಕಿ ಬಿದ್ದಾವ. ಏನ್ ಹೊಡೀಲಿ ಹೇಳು."

ನಾನು ಕೃಷಿ ಓದಿದವನು. ಈಗ ರಾಯಚೂರಿನಲ್ಲಿ ಬೇರೆ ಕೆಲಸದಲ್ಲಿದ್ದರೂ ಊರಿನವರು ಬೆಳೆಗೆ ಏನಾದರೂ ಆದರೆ ನನ್ನನ್ನೇ ಕೇಳುತ್ತಾರೆ. ಫೋಟೋ ನೋಡಿ, ಇದು ಶಿಲೀಂಧ್ರದಿಂದ ಬರುವ ಎಲೆಚುಕ್ಕೆ, ಶಿಲೀಂಧ್ರ ತಡೆಯುವ ಮ್ಯಾಂಕೋಜೆಬ್ ಹೊಡೆಯಿರಿ ಎಂದುಬಿಟ್ಟೆ. ನಾನು ಹೇಳಿದ್ದು ತಪ್ಪು. ಆ ತಪ್ಪಿನಲ್ಲಿ ಮೂರು ವಾರ ಕಳೆದುಹೋಯಿತು. ಎಲ್ಲಿ ತಪ್ಪಿದೆ, ಹೊಲದಲ್ಲಿ ನಿಜವಾಗಿ ಏನು ನಡೆದಿತ್ತು, ಆಮೇಲೆ ಏನು ಮಾಡಿದೆವು ಅನ್ನೋದನ್ನ ಪೂರ್ತಿ ಬರೆದಿಡುತ್ತಿದ್ದೇನೆ. ರಾಯಚೂರು ಜಿಲ್ಲೆಯಲ್ಲಿ ಹತ್ತಿ ಹಾಕುವ ಬೇರೆ ಮನೆಗಳಲ್ಲೂ ಇದೇ ಮಾತುಕತೆ ಪ್ರತಿ ಮುಂಗಾರಿನಲ್ಲಿ ನಡೆಯುತ್ತಿರುತ್ತದೆ.

ಹೊಲ

ಮಾನ್ವಿ ತಾಲ್ಲೂಕಿನ ಹಳ್ಳಿ. ಕಾಕಾನ ಹತ್ತಿ ಎರಡು ಕಡೆ ಇತ್ತು. ಮನೆ ಹತ್ತಿರ ನಾಲ್ಕು ಎಕರೆ ಎರೆ ಹೊಲ, ಹಳ್ಳದ ಆಚೆ ಎರಡು ಎಕರೆ. ಎರಡಕ್ಕೂ ಒಂದೇ ಅಂಗಡಿಯ ಬೀಜ, ಒಂದೇ ದಿನ ತಂದ ಪ್ಯಾಕೆಟ್‌ಗಳು, ಒಂದೇ ಬಿಟಿ ಹೈಬ್ರಿಡ್. ಆರಿದ್ರಾ ಮಳೆ ಬಿದ್ದ ಮೇಲೆ ಎರಡು ದಿನದ ಅಂತರದಲ್ಲಿ ಎರಡೂ ಕಡೆ ಊರಿದ್ದರು.

ಒಂದು ವ್ಯತ್ಯಾಸ ಮಾತ್ರ ಇತ್ತು. ಮನೆ ಹೊಲದಲ್ಲಿ ಅದರ ಹಿಂದಿನ ಮೂರು ವರ್ಷವೂ ಹತ್ತಿಯೇ. ಹಳ್ಳದ ಹೊಲದಲ್ಲಿ ಹಿಂದಿನ ವರ್ಷ ತೊಗರಿ. ಈ ಮಾತು ಮುಂದೆ ಬೇಕಾಗುತ್ತದೆ.

ಮೂರು ವಾರ ಏನಾಯಿತು

ನಾನು ಹೇಳಿದ ಔಷಧಿ ತರಲು ಕಾಕಾ ಗೊಬ್ಬರದ ಅಂಗಡಿಗೆ ಹೋದರು. ಅಂಗಡಿಯವರು ಅದರ ಜೊತೆ ರಸ ಹೀರುವ ಹುಳಕ್ಕೆ ಒಂದು, ಗಿಡ ಹಸಿರಾಗಲು ಒಂದು ಟಾನಿಕ್ ಸೇರಿಸಿ ಕೊಟ್ಟರು. ಮೂರನ್ನೂ ಒಂದೇ ಟ್ಯಾಂಕಿಗೆ ಸುರಿದು ಹೊಡೆದದ್ದಾಯಿತು. ಎಂಟು ದಿನ ಬಿಟ್ಟು ಇನ್ನೊಂದು ಸಲ. ಆಮೇಲೆ ಎಲೆ ಹಳದಿಯಾಗುತ್ತಿದೆ ಎಂದು ಎಕರೆಗೆ ಅರ್ಧ ಚೀಲ ಯೂರಿಯಾ ಜಾಸ್ತಿ ಹಾಕಿದರು. ಔಷಧಿ, ಕೂಲಿ, ಗೊಬ್ಬರ ಎಲ್ಲಾ ಸೇರಿ ಎಕರೆಗೆ ಎರಡು ಸಾವಿರದ ಹತ್ತಿರ ಹೋಯಿತು.

ಅಷ್ಟರಲ್ಲಿ ಮಘಾ ಮಳೆ ಹಿಡಿಯಿತು. ಐದು ದಿನ ಸೂರ್ಯ ಕಾಣಲಿಲ್ಲ. ಜೋರಾದ ಮಳೆಯಲ್ಲ, ಗಾಳಿ ಜೊತೆ ಬರುವ ಜಡಿ ಮಳೆ. ಆರನೇ ದಿನ ಸ್ವಲ್ಪ ಬಿಟ್ಟ ಕೂಡಲೇ, ಕಸ ಮೇಲೆದ್ದಿದೆ ಎಂದು ಎಡೆ ಹೊಡೆದರು, ಅಂದರೆ ಸಾಲುಗಳ ನಡುವೆ ಎತ್ತಿನ ಕುಂಟೆ ಹಾಯಿಸಿದರು. ಗಿಡ ಇನ್ನೂ ತೊಯ್ದಿತ್ತು.

ಗಣೇಶನ ಹಬ್ಬಕ್ಕೆ ನಾನು ಊರಿಗೆ ಹೋದೆ. ಚಿಗವ್ವ ಊಟಕ್ಕೆ ಕರೆಯುತ್ತಿದ್ದರು. ಕಾಕಾ ನನ್ನನ್ನು ಸೀದಾ ಹೊಲಕ್ಕೆ ಕರೆದುಕೊಂಡು ಹೋದರು.

ಎಲೆ

ಬದುವಿನ ಮೇಲೆ ನಿಂತು ಮೊದಲ ಎಲೆ ಕಿತ್ತೆ. ಮೇಲಿನಿಂದ ನೋಡಿದರೆ ಫೋಟೋದಲ್ಲಿ ಕಂಡದ್ದೇ, ಕಂದು ಚುಕ್ಕೆ. ಅದೇ ಎಲೆಯನ್ನು ಎತ್ತಿ ಬಿಸಿಲಿಗೆ ಅಡ್ಡ ಹಿಡಿದೆ. ಆಗ ಬೇರೆಯೇ ಕಂಡಿತು.

ಒಂದು ಚುಕ್ಕೆಯೂ ದುಂಡಗಿರಲಿಲ್ಲ. ಒಂದೊಂದಕ್ಕೂ ಮೂಲೆಗಳಿದ್ದವು. ಸಣ್ಣ ನರಗಳ ನಡುವಿನ ಜಾಗವನ್ನು ಯಾರೋ ಅಳತೆ ಮಾಡಿ ತುಂಬಿದ ಹಾಗೆ, ನರ ಬಂದಲ್ಲಿ ಗೆರೆ ಕೊಯ್ದಂತೆ ನಿಂತಿತ್ತು. ಎಳೆಯ ಚುಕ್ಕೆಗಳು ಕಂದು ಕೂಡ ಆಗಿರಲಿಲ್ಲ. ಎಣ್ಣೆ ಕೈಯಲ್ಲಿ ಕಾಗದ ಮುಟ್ಟಿದರೆ ಬೆಳಕು ಹಾಯುತ್ತದಲ್ಲ, ಹಾಗೆ ಹಾಯುತ್ತಿತ್ತು. ಎಲೆ ತಿರುಗಿಸಿದರೆ ಕೆಳಗಡೆ ಅದೇ ಚುಕ್ಕೆ ಒದ್ದೆ ಒದ್ದೆ, ಕಡು ಹಸಿರು. ಹಳೆಯ ಚುಕ್ಕೆಗಳ ಮೇಲೆ ಒಣಗಿದ ಗಂಜಿಯ ಹಾಗೆ ತೆಳು ಬಿಳಿ ಪೊರೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಎದ್ದಿತು.

ಕೆಲವು ಎಲೆಗಳಲ್ಲಿ ದೊಡ್ಡ ನರದ ಉದ್ದಕ್ಕೂ ಕಪ್ಪು ಹಬ್ಬಿ ಎಲೆ ಸೊಟ್ಟಗಾಗಿತ್ತು. ಒಳಗೆ ಹೋದ ಹಾಗೆ ಕಾಯಿ ಬಿಡುವ ರೆಂಬೆಗಳ ಮೇಲೆ ಉದ್ದುದ್ದ ಕರಿ ಗೆರೆ. ಒಂದು ರೆಂಬೆಯನ್ನು ಮೆಲ್ಲಗೆ ಬಗ್ಗಿಸಿದೆ, ಆ ಕರಿ ಜಾಗದಲ್ಲೇ ಲಟಕ್ಕನೆ ಮುರಿಯಿತು.

ಶಿಲೀಂಧ್ರದ ಎಲೆಚುಕ್ಕೆ ಹೀಗಿರುವುದಿಲ್ಲ. ಆಲ್ಟರ್ನೇರಿಯಾ ಆಗಿದ್ದರೆ ಚುಕ್ಕೆ ದುಂಡಗೆ, ಒಳಗೆ ಬಳೆ ಬಳೆಯಾಗಿ ಉಂಗುರ ಇರುತ್ತದೆ. ಬೂದು ರೋಗವಾದರೆ ಚುಕ್ಕೆಗೆ ಮೂಲೆ ಇರಬಹುದು, ಆದರೆ ಎಲೆ ಕೆಳಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಕಾಣುತ್ತದೆ. ಹಸಿರು ಜಿಗಿಹುಳು ಕಾಡಿದರೆ ಎಲೆ ಅಂಚಿನಿಂದ ಹಳದಿಯಾಗಿ, ಕೆಂಪಾಗಿ, ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮೇಲಿನಿಂದ ತೆಗೆದ ಫೋಟೋದಲ್ಲಿ ಬೆಳಕು ಎಲೆಯ ಮೇಲೆ ಬಿದ್ದಿರುತ್ತದೆ, ಎಲೆ ಒಳಗಿಂದ ಹಾಯ್ದಿರುವುದಿಲ್ಲ. ಒದ್ದೆ ಚುಕ್ಕೆ ಅದರಲ್ಲಿ ಕಾಣುವುದೇ ಇಲ್ಲ. ಈಗ ಯಾರಾದರೂ ಹತ್ತಿ ಫೋಟೋ ಕಳಿಸಿದರೆ ನಾನು ಮೂರು ಕೇಳುತ್ತೇನೆ: ಮೇಲಿನದು, ಕೆಳಗಿನದು, ಬಿಸಿಲಿಗೆ ಅಡ್ಡ ಹಿಡಿದದ್ದು. ಮೂರನೆಯದು ಬರೋವರೆಗೂ ಔಷಧಿ ಹೆಸರು ಹೇಳುವುದಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ

ನನಗೆ ಅನುಮಾನ ಗಟ್ಟಿಯಾಗಿತ್ತು, ಆದರೂ ಒಮ್ಮೆ ತಪ್ಪಿದವನು ಎರಡನೇ ಸಲ ಬಾಯಲ್ಲಿ ಹೇಳಬಾರದು ಅನಿಸಿತು. ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಮರುದಿನ ಕಾಕಾ ಜೊತೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದೆ. ಲಿಂಗಸೂಗೂರು ರಸ್ತೆಯಲ್ಲಿದೆ, ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಜಾಗ. ಸಸ್ಯರೋಗ ವಿಭಾಗದವರು ಚೀಲ ಬಿಚ್ಚಿದರು. ರಾತ್ರಿಯಿಡೀ ಬೆವತು ಎಲೆ ಲೋಳೆಯಾಗಿತ್ತು. ಕೊಳೆತ ಎಲೆಯಲ್ಲಿ ನೂರೆಂಟು ಜಾತಿಯ ದುಂಡಾಣು (ಬ್ಯಾಕ್ಟೀರಿಯಾ) ಸಿಗುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ, ಪೇಪರಿನಲ್ಲಿ ಸುತ್ತಿ ಹೊಸ ಎಲೆ ತನ್ನಿ ಎಂದು ವಾಪಸ್ ಕಳಿಸಿದರು. ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿ. ಎರಡು ದಿನ ಬಿಟ್ಟು, ಬೆಳಿಗ್ಗೆ ಕಿತ್ತ ಎಲೆಗಳನ್ನು ಹಳೆ ದಿನಪತ್ರಿಕೆಯ ಪುಟಗಳ ನಡುವೆ ಇಟ್ಟು ಮತ್ತೆ ಹೋದೆವು.

ಈ ಸಲ ಎಳೆಯ ಒದ್ದೆ ಚುಕ್ಕೆಯೊಂದರ ಅಂಚನ್ನು ಬ್ಲೇಡಿನಿಂದ ಸಾಸಿವೆ ಕಾಳಿನಷ್ಟು ಕತ್ತರಿಸಿದರು. ಗಾಜಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಆ ಚೂರು, ಮೇಲೆ ತೆಳು ಗಾಜು. ಸೂಕ್ಷ್ಮದರ್ಶಕದಲ್ಲಿ ಮೊದಲು ನಾನು ನೋಡಿದೆ. ಕತ್ತರಿಸಿದ ಅಂಚಿನಿಂದ ಊದುಬತ್ತಿ ಹೊಗೆಯ ಹಾಗೆ ಏನೋ ನೀರಿಗೆ ಇಳಿಯುತ್ತಿತ್ತು. ನಿಲ್ಲದೆ, ಸುರುಳಿ ಸುರುಳಿಯಾಗಿ. ಅದು ದುಂಡಾಣುಗಳ ಹಿಂಡು. ಒಂದರ ಹಿಂದೆ ಒಂದು ಸುಮಾರು ಐನೂರು ನಿಂತರೆ 1 ಮಿಲಿಮೀಟರ್ ಉದ್ದ ಆಗುತ್ತದೆ, ಅಷ್ಟು ಸಣ್ಣವು. ಶಿಲೀಂಧ್ರದ ಚುಕ್ಕೆಯಲ್ಲಿ ಈ ಹೊಗೆ ಏಳುವುದಿಲ್ಲ.

ಕಾಕಾ ಕನ್ನಡಕ ತೆಗೆದು ಬಗ್ಗಿ ನೋಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇಷ್ಟಗಲ ಎಲಿ ಒಳಗ ಇಷ್ಟು ಅದಾವೇನ್ರೀ?" ಎಂದರು.

ರೋಗದ ಹೆಸರು ದುಂಡಾಣು ಅಂಗಮಾರಿ. ತರುವ ಜೀವಿ ಕ್ಸಾಂಥೋಮೊನಾಸ್ ಜಾತಿಯದು, ಹತ್ತಿಗೇ ಮೀಸಲಾದ ಬಗೆ. ಹೊಸ ರೋಗವೂ ಅಲ್ಲ. ಅಮೆರಿಕದ ಅಲಬಾಮಾದಲ್ಲಿ ಅಟ್ಕಿನ್‌ಸನ್ ಎಂಬ ವಿಜ್ಞಾನಿ ಹತ್ತಿಯ ಈ ಮೂಲೆ ಚುಕ್ಕೆಯ ಬಗ್ಗೆ ಬರೆದದ್ದು 1891ರಲ್ಲಿ. ಮೊಳಕೆಯಲ್ಲಿ ಬಂದರೆ ಸಸಿ ಸಾಯುತ್ತದೆ, ಎಲೆಯಲ್ಲಿ ಬಂದರೆ ಚುಕ್ಕೆ, ರೆಂಬೆಗೆ ಬಂದರೆ ಕರಿ ಗೆರೆ, ಕಾಯಿಗೆ ಬಂದರೆ ಕೊಳೆ. ನೋಡಲು ನಾಲ್ಕು ರೋಗದ ಹಾಗಿದ್ದರೂ ಇರುವುದು ಒಂದೇ.

ಕಾಕಾ ಅಲ್ಲಿಯೇ ಒಂದು ಪ್ರಶ್ನೆ ಕೇಳಿದರು. ಬಿಟಿ ಹತ್ತಿ ಅಂತ ಅಷ್ಟು ದುಡ್ಡು ಕೊಟ್ಟು ಬೀಜ ತಂದೀವಲ್ರೀ, ಆದರೂ ಯಾಕ್ ಬಂತು? ಬಹಳ ಜನರಿಗೆ ಈ ಅನುಮಾನ ಇದೆ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಅದು ಕಾಯಿಕೊರಕ ಹುಳಕ್ಕಾಗಿ. ದುಂಡಾಣುವಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಜ್ಜನ ಕಾಲದ ಜವಾರಿ ಹತ್ತಿ ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತಿತ್ತು. ಉದ್ದ ಎಳೆಯ ಅಮೆರಿಕನ್ ಹತ್ತಿ ಮತ್ತು ಅದರಿಂದ ಬಂದ ಹೈಬ್ರಿಡ್‌ಗಳಲ್ಲಿ ಎಷ್ಟೋ ಇದಕ್ಕೆ ಬೇಗ ಸೋಲುತ್ತವೆ.

ಎಲ್ಲಿಂದ ಬಂತು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ ಭಾಗ. ಏನು ಹೊಡೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಊರಿಗೆ ವಾಪಸ್ ಬಂದು ಕಾಕಾನೂ ನಾನೂ ಹೊಲವನ್ನು ಸಾಲು ಸಾಲಾಗಿ ನಡೆದೆವು. ಗಿಡ ಒಣಗಿರಲಿ ಎಂದು ಮಧ್ಯಾಹ್ನ ಹೋದೆವು. ಹತ್ತು ಹೆಜ್ಜೆಗೆ ಒಂದು ಗಿಡ ನೋಡುವುದು. ರೆಂಬೆ ಕಪ್ಪಾಗಿದ್ದರೆ ಜಾಸ್ತಿ, ಬರೀ ಎಲೆ ಚುಕ್ಕೆ ಇದ್ದರೆ ಕಡಿಮೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಹೋದೆ. ಮುಗಿದ ಮೇಲೆ ಪುಟ ನೋಡಿದರೆ ಜಾಸ್ತಿ ಅನ್ನೋ ಗುರುತೆಲ್ಲ ಪಡುವಣ ಬದುವಿನ ಒಂದು ಮೂಲೆಯಲ್ಲಿ ದಟ್ಟವಾಗಿ, ಅಲ್ಲಿಂದ ಮೂಡಣಕ್ಕೆ ಅಗಲವಾಗುತ್ತಾ ತೆಳುವಾಗುತ್ತಾ ಹೋಗಿದ್ದವು. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಗಾಳಿಗೆ ಹರಡಿ ಬೀಳುತ್ತದಲ್ಲ, ಅದೇ ಆಕಾರ.

ಆ ಮೂಲೆಯಲ್ಲಿ ಏನಿತ್ತು? ಹಿಂದಿನ ವರ್ಷದ ಹತ್ತಿ ಕಟ್ಟಿಗೆಯ ಒಟ್ಟಿಲು. ಒಲೆಗೆ ಆಗುತ್ತದೆ ಎಂದು ಫೆಬ್ರುವರಿಯಲ್ಲಿ ಕಿತ್ತು ಬದುವಿನ ಮೇಲೆ ಒಟ್ಟಿದ್ದರು. ಕಟ್ಟಿಗೆಗೆ ಒಣ ಎಲೆ, ಅರೆ ಒಡೆದ ಕಾಯಿ ಇನ್ನೂ ಅಂಟಿಕೊಂಡಿದ್ದವು. ಒಟ್ಟಿಲ ಬುಡದಲ್ಲಿ ತಾನಾಗಿಯೇ ಹುಟ್ಟಿದ ಏಳೆಂಟು ಹತ್ತಿ ಗಿಡಗಳಿದ್ದವು. ನಮ್ಮ ಹೊಲದ ಯಾವ ಗಿಡಕ್ಕೂ ಬಂದಿರದಷ್ಟು ಚುಕ್ಕೆ ಅವಕ್ಕೆ ಬಂದಿತ್ತು.

ಈ ದುಂಡಾಣುವಿಗೆ ಒಣ ಕಸವೇ ಗೂಡು. ಎಲೆ, ರೆಂಬೆ ಒಣಗಿದ್ದಷ್ಟು ದಿನ ಅದರೊಳಗೆ ಬೇಸಿಗೆ ದಾಟಿ ಬದುಕುತ್ತದೆ. ಅದೇ ಕಸ ಮಣ್ಣಿನಲ್ಲಿ ಸೇರಿ ತೇವಕ್ಕೆ ಕೊಳೆತರೆ ಬೇಗ ಸಾಯುತ್ತದೆ. ಹೊಲದೊಳಗೆ ಉಳಿದಿದ್ದ ಕಸ ಮಾಗಿ ಉಳುಮೆಯಲ್ಲಿ ಮಣ್ಣು ಸೇರಿತ್ತು. ಬದುವಿನ ಮೇಲಿದ್ದದ್ದನ್ನು ಮಾತ್ರ ನಾವೇ ಒಣಗಿಸಿ ಕಾಪಾಡಿದ್ದೆವು. ಮುಂಗಾರಿನ ಗಾಳಿ ನಮ್ಮ ಕಡೆ ಪಡುವಣದಿಂದ ಬೀಸುತ್ತದೆ. ಮಳೆ ಹನಿ ಕಸದ ಮೇಲೆ ಬಿದ್ದು ಸಿಡಿಯಿತು, ಗಾಳಿ ಆ ಸಿಡಿದ ಹನಿಯನ್ನು ಪಕ್ಕದ ಗಿಡಕ್ಕೆ ಒಯ್ದಿತು. ಎಲೆ ಮೇಲೆ ನೀರು ನಿಂತಿದ್ದರೆ ಉಸಿರಾಡುವ ಸಣ್ಣ ತೂತುಗಳಿಂದ ದುಂಡಾಣು ಒಳಗೆ ಇಳಿಯುತ್ತದೆ. ಒಂದೆರಡು ವಾರಕ್ಕೆ ಹೊಸ ಚುಕ್ಕೆ. ಆ ಚುಕ್ಕೆಯಿಂದ ಮುಂದಿನ ಮಳೆಗೆ ಮುಂದಿನ ಗಿಡ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಂಗತಿ ಇತ್ತು. ಮೂಡಣದ ತುದಿಯಲ್ಲಿ, ಎಲ್ಲೂ ರೋಗ ಇರಬಾರದ ಜಾಗದಲ್ಲಿ, ನಾಲ್ಕು ಸಾಲು ಉದ್ದಕ್ಕೂ ಚುಕ್ಕೆ. ಆಚೆ ಈಚೆ ಸಾಲು ಕ್ಲೀನ್. ಕಾಕಾ ಸುಮ್ನೆ ನಿಂತು ಯೋಚಿಸಿದರು. ಆಮೇಲೆ ಅವರೇ ಹೇಳಿದರು, ಮಳೆ ಬಿಟ್ಟ ದಿನ ಎಡೆ ಹೊಡೆಯುವಾಗ ಪಡುವಣದ ಕಡೆ ಶುರು ಮಾಡಿ, ಅಲ್ಲಿ ಕೆಸರು ಜಾಸ್ತಿ ಎಂದು ಎತ್ತುಗಳನ್ನು ಈ ತುದಿಗೆ ತಂದು ನಾಲ್ಕು ಸಾಲು ಹೊಡೆದಿದ್ದರು. ಒದ್ದೆ ಗಿಡಕ್ಕೆ ಉಜ್ಜಿದ ಎತ್ತಿನ ಮೈ, ನಮ್ಮ ಧೋತರ, ಕುಂಟೆಯ ತಾಳು, ಇವೇ ಆ ನೀರನ್ನು ಹೊತ್ತು ತಂದಿದ್ದವು.

ಬೀಜದಿಂದಲೂ ಈ ರೋಗ ಬರುತ್ತದೆ, ಅದನ್ನು ಬಿಡುವ ಹಾಗಿಲ್ಲ. ಬೀಜದ ಮೇಲಿನ ಜುಂಜಿನಲ್ಲಿ ದುಂಡಾಣು ಅಂಟಿಕೊಂಡಿರುತ್ತದೆ. ಅದಕ್ಕೇ ಕಿಲೋಗೆ 100 ಮಿ.ಲೀ. ಗಂಧಕಾಮ್ಲ ಹಾಕಿ ಜುಂಜು ಸುಟ್ಟು ತೊಳೆಯುವ ಪದ್ಧತಿ ಬಂದದ್ದು. ಪ್ಯಾಕೆಟ್ ಬೀಜ ಸಾಮಾನ್ಯವಾಗಿ ಹಾಗೆ ಮಾಡಿಯೇ ಬರುತ್ತದೆ, ಮನೆಯಲ್ಲಿ ಆ ಆಮ್ಲದ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. ನಮ್ಮ ವಿಷಯದಲ್ಲಿ ಬೀಜದ ಮೇಲೆ ಅನುಮಾನ ಕಡಿಮೆಯಾಗಿದ್ದು ಹಳ್ಳದ ಹೊಲದಿಂದ. ಅದೇ ಬೀಜ, ಅದೇ ಮಳೆ. ಆ ಎರಡು ಎಕರೆಯಲ್ಲಿ ಹುಡುಕಿ ಹುಡುಕಿ ನಾಲ್ಕು ಗಿಡದಲ್ಲಿ ಚುಕ್ಕೆ ಸಿಕ್ಕಿತು, ಅಷ್ಟೇ.

ಏನು ಮಾಡಿದೆವು

ಮೊದಲು ಮಾಡಿದ್ದು ನಿಲ್ಲಿಸುವ ಕೆಲಸ. ಯೂರಿಯಾ ನಿಲ್ಲಿಸಿದೆವು. ಸಾರಜನಕ ಜಾಸ್ತಿಯಾದರೆ ಗಿಡ ಮೆತ್ತಗೆ ಸೊಂಪಾಗಿ ಬೆಳೆದು ಒಳಗೆ ಗಾಳಿ ಆಡುವುದಿಲ್ಲ, ರೋಗಕ್ಕೆ ಅನುಕೂಲ. ಪೊಟ್ಯಾಷ್ ಹಾಕಿದ್ದು ಕಡಿಮೆ ಇತ್ತು, ಅದನ್ನು ಕೊಟ್ಟೆವು. ಬೆಳಿಗ್ಗೆ ಇಬ್ಬನಿ ಆರುವವರೆಗೆ ಯಾರೂ ಹೊಲಕ್ಕೆ ಇಳಿಯಬಾರದು ಎಂದಾಯಿತು. ಇದು ಹೇಳಿದಷ್ಟು ಸುಲಭವಲ್ಲ. ಕಸ ತೆಗೆಯಲು ಬರುವ ಹೆಣ್ಣುಮಕ್ಕಳು ಬಿಸಿಲೇರುವ ಮೊದಲು ಕೆಲಸ ಮುಗಿಸಬೇಕು ಎಂದು ಏಳಕ್ಕೇ ಬರುತ್ತಾರೆ. ಚಿಗವ್ವ ಅವರ ಜೊತೆ ಮಾತಾಡಿ, ಬೆಳಿಗ್ಗೆ ಹಳ್ಳದ ಹೊಲ, ಹತ್ತು ಗಂಟೆ ಮೇಲೆ ಮನೆ ಹೊಲ ಎಂದು ಹೊಂದಿಸಿದರು. ಇಡೀ ವ್ಯವಸ್ಥೆಯಲ್ಲಿ ಜಾಣತನದ ಕೆಲಸ ಅಂದರೆ ಅದೇ.

ಒಟ್ಟಿಲ ಬುಡದ ಗಿಡಗಳನ್ನು ಒಣ ಮಧ್ಯಾಹ್ನ ಕಿತ್ತು ಅಲ್ಲೇ ಗುಂಡಿ ತೋಡಿ ಹೂತೆವು. ಒಟ್ಟಿಲನ್ನು ತಾಡಪತ್ರಿಯಿಂದ ಮುಚ್ಚಿದೆವು, ಆ ಹೊತ್ತಿಗೆ ಹೊರಗೆ ಸಾಗಿಸಿದರೆ ದಾರಿಯುದ್ದಕ್ಕೂ ಉದುರುತ್ತಿತ್ತು.

ಸಿಂಪಡಣೆಗೆ ತಾಮ್ರ. ಕಾಪರ್ ಆಕ್ಸಿಕ್ಲೋರೈಡ್ ಲೀಟರ್ ನೀರಿಗೆ 3 ಗ್ರಾಂ, ಅದರ ಜೊತೆ ಬೇರೇನೂ ಬೆರೆಸದೆ, ಎಲೆಯ ಕೆಳಗೂ ತಾಗುವ ಹಾಗೆ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಕಾಕಾಗೆ ಒಂದು ಮಾತು ಮೊದಲೇ ಹೇಳಿದ್ದೆ. ತಾಮ್ರ ಎಲೆಯ ಮೇಲೆ ಕಾವಲು ಕೂರುತ್ತದೆ, ಎಲೆ ಒಳಗೆ ಹೋದ ದುಂಡಾಣುವನ್ನು ಹಿಡಿಯುವುದಿಲ್ಲ. ಈಗಿರುವ ಚುಕ್ಕೆ ಹೋಗುವುದಿಲ್ಲ, ಹೊಸ ಎಲೆ ನೋಡ್ರಿ, ಹಳೇದು ನೋಡಬ್ಯಾಡ್ರಿ. ಈ ಮಾತು ಹೇಳದಿದ್ದರೆ ನಾಲ್ಕನೇ ದಿನ ಅವರು ಮತ್ತೆ ಅಂಗಡಿಗೆ ಹೋಗುತ್ತಿದ್ದರು.

ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಸಣ್ಣ ಪಾಕೆಟ್ಟಿನ ಸ್ಟ್ರೆಪ್ಟೋಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಪುಡಿ. ಎಷ್ಟೋ ವರ್ಷದಿಂದ ಈ ರೋಗಕ್ಕೆ ಹೇಳುತ್ತಾ ಬಂದಿರುವ ಔಷಧಿಯೇ. ಕಾಕಾಗೆ ಅದು ಬೇಕಿತ್ತು, ನಾನು ಬೇಡ ಎಂದೆ. ಸ್ಟ್ರೆಪ್ಟೊಮೈಸಿನ್ ಟಿ.ಬಿ. ಔಷಧಿ. ನಮ್ಮಜ್ಜ ಆ ಸೂಜಿ ತಗೊಂಡೇ ಬದುಕಿದವರು, ಕಾಕಾಗೆ ಅದು ಚೆನ್ನಾಗಿ ನೆನಪಿದೆ. ಹೊಲಗಳಲ್ಲಿ ಹೀಗೆ ಸುರಿಯುತ್ತಾ ಹೋದರೆ ದುಂಡಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ನಾಳೆ ಆಸ್ಪತ್ರೆಯಲ್ಲಿ ಅದು ಕೆಲಸ ಮಾಡದೆ ಹೋಗಬಹುದು. ಇದೇ ಭಯಕ್ಕೆ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಈ ಎರಡನ್ನೂ ಬೇಸಾಯದಿಂದ ದೂರ ಇಡಲು ಕರಡು ಆದೇಶ ಹೊರಡಿಸಿತ್ತು, 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕು ಎಂದು ಅದರಲ್ಲಿತ್ತು. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಪ್ಪಗ ಕೊಟ್ಟ ಔಷಧಿ ಇದೇನು?" ಎಂದು ಕೇಳಿ, ಪಾಕೆಟ್ ವಾಪಸ್ ಇಟ್ಟರು.

ಕೊನೆಗೆ ಏನು ಸಿಕ್ಕಿತು

ಉತ್ತರಾ ಮಳೆ ಕೈಕೊಟ್ಟಿತು. ಬೇರೆ ವರ್ಷವಾದರೆ ಬೈಯುತ್ತಿದ್ದೆವು, ಈ ಸಲ ಅದೇ ಒಳ್ಳೆಯದಾಯಿತು. ಹತ್ತು ಹನ್ನೆರಡು ದಿನ ಬಿಸಿಲು ಬಿತ್ತು. ಸೆಪ್ಟೆಂಬರ್ ಕೊನೆಗೆ ತುದಿಯಲ್ಲಿ ಬಂದ ಹೊಸ ಎಲೆಗಳನ್ನು ಬಿಸಿಲಿಗೆ ಹಿಡಿದರೆ ಚುಕ್ಕೆ ಅಪರೂಪ. ತಾಮ್ರದಿಂದ ನಿಂತಿತೋ ಬಿಸಿಲಿನಿಂದ ನಿಂತಿತೋ ಎಂದು ಕೇಳಿದರೆ, ಎರಡೂ ಸೇರಿ ಎಂದು ಹೇಳುತ್ತೇನೆ. ಹೊಡೆಯದೆ ಬಿಟ್ಟ ಸಾಲು ನಾವು ಇಟ್ಟಿರಲಿಲ್ಲ. ಇಡಬೇಕಿತ್ತು.

ಆದರೆ ಕೆಳಗಿನ ಕಾಯಿಗಳು ಆಗಲೇ ಹಾಳಾಗಿದ್ದವು. ಕಾಯಿ ಮೇಲೆ ಮೊದಲು ಒದ್ದೆ ಬೊಟ್ಟು, ಆಮೇಲೆ ಕಪ್ಪಾಗಿ ಒಳಗೆ ಕುಸಿದ ಗುಳಿ. ಅಂಥ ಕಾಯಿ ಪೂರ್ತಿ ಅರಳುವುದಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಬಿಡಿಸುವಿಕೆಯಲ್ಲಿ ಚಿಗವ್ವ ಒಂದು ಕಾಯಿ ಬಿಚ್ಚಿ ತೋರಿಸಿದರು. ನಾಲ್ಕು ತೊಳೆಯಲ್ಲಿ ಎರಡು ಬೆಳ್ಳಗೆ, ಎರಡು ಅರಿಶಿನ ನೀರಿನಲ್ಲಿ ಅದ್ದಿದ ಹಾಗೆ ಹಳದಿ, ಗಟ್ಟಿ. ಅವರು ಉಡಿಯಲ್ಲಿ ಎರಡು ಭಾಗ ಮಾಡಿಕೊಂಡರು. ಹಳದಿಯದನ್ನು ಬೇರೆ ಚೀಲಕ್ಕೆ ಹಾಕಿಸಿದರು. ಬೆಳ್ಳನೆಯದರ ಜೊತೆ ಬೆರೆತರೆ ರಾಯಚೂರು ಮಾರುಕಟ್ಟೆಯಲ್ಲಿ ಇಡೀ ಚೀಲಕ್ಕೇ ಬೆಲೆ ಮುರಿಯುತ್ತಾರೆ. ಬೇರೆ ಮಾಡಿದ್ದರಿಂದ ಒಳ್ಳೆಯ ಹತ್ತಿಯ ದರ ಉಳಿಯಿತು.

ಮನೆ ಹೊಲದ ನಾಲ್ಕು ಎಕರೆಗೆ ಇಪ್ಪತ್ತೆರಡು ಕ್ವಿಂಟಲ್ ಬಂತು, ಅದರಲ್ಲಿ ಮೂರು ಹಳದಿ. ಹಳ್ಳದ ಎರಡು ಎಕರೆಗೆ ಹದಿನೇಳು. ವ್ಯತ್ಯಾಸ ಪೂರ್ತಿ ರೋಗದ್ದೇ ಎಂದು ನಾನು ಹೇಳುವುದಿಲ್ಲ. ಮನೆ ಹೊಲದ ಮೂಡಣ ಭಾಗ ತಗ್ಗು, ನೀರು ನಿಲ್ಲುತ್ತದೆ. ಹತ್ತಿ ಮೇಲೆ ಹತ್ತಿ ಹಾಕಿ ಮಣ್ಣೂ ದಣಿದಿದೆ.

ಮುಂದಿನ ವರ್ಷ

ಜನವರಿ ಕೊನೆಗೆ ಬಿಡಿಸುವುದು ಮುಗಿಯಿತು. ಈ ಸಲ ಕಟ್ಟಿಗೆ ಬದುವಿನ ಮೇಲೆ ನಿಲ್ಲಲಿಲ್ಲ. ಟ್ರ್ಯಾಕ್ಟರಿಗೆ ಹಾಕುವ ಕಟ್ಟಿಗೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ತಂದು ಹೊಲದಲ್ಲೇ ಪುಡಿ ಮಾಡಿ, ಆಳವಾಗಿ ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿದರು. ಇದರಿಂದ ಇನ್ನೊಂದು ಲಾಭವೂ ಇದೆ. ಒಟ್ಟಿಲಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳವೂ ಬೇಸಿಗೆ ಕಳೆಯುತ್ತದೆ, ಅದೂ ಹೋಗುತ್ತದೆ. ಚಿಗವ್ವಗೆ ಒಲೆಗೆ ಕಟ್ಟಿಗೆ ಬೇಕಿತ್ತು, ಅದು ನ್ಯಾಯದ ಮಾತೇ. ಎಲೆ, ಕಾಯಿ ಇಲ್ಲದ ದಪ್ಪ ಬುಡಗಳನ್ನು ಮಾತ್ರ ಆರಿಸಿ ಮನೆ ಹಿತ್ತಲಿಗೆ, ಹೊಲದಿಂದ ಅರ್ಧ ಕಿಲೋಮೀಟರ್ ದೂರಕ್ಕೆ ತಂದು ತಗಡಿನ ಕೆಳಗೆ ಒಟ್ಟಿದರು. ಮೃಗಶಿರಾ ಹೊತ್ತಿಗೆ ಅದೂ ಉರಿದು ಮುಗಿಯಿತು.

ಆ ನಾಲ್ಕು ಎಕರೆಗೆ ಈ ಮುಂಗಾರಿಗೆ ತೊಗರಿ. ಈ ದುಂಡಾಣುವಿಗೆ ತೊಗರಿ, ಜೋಳ, ಕಡಲೆ ಯಾವುದೂ ಆಗಿಬರುವುದಿಲ್ಲ, ಹತ್ತಿಯೇ ಬೇಕು. ಹತ್ತಿ ಹಳ್ಳದ ಹೊಲದಲ್ಲಿ ಮಾತ್ರ. ಮೊನ್ನೆ ಕಾಕಾ ಫೋಟೋ ಕಳಿಸಿದ್ದರು, ಒಂದೇ ಒಂದು. ಪಕ್ಕದ ಹೊಲದ ಹುಡುಗ ಎಲೆಯೊಂದನ್ನು ಸೂರ್ಯನಿಗೆ ಅಡ್ಡ ಹಿಡಿದು ನಿಂತಿದ್ದಾನೆ. ಎಲೆಯ ಮೇಲೆ ಚುಕ್ಕೆ ಇದೆ, ದುಂಡಗಿದೆ, ಒಳಗೆ ಉಂಗುರ ಕಾಣುತ್ತದೆ. ಕೆಳಗೆ ಕಾಕಾ ಬರೆದಿದ್ದರು: "ಇದು ಅದಲ್ಲ. ಬರೇ ತಾಮ್ರಕ್ಕ ಓಡಬ್ಯಾಡ ಅಂತ ಹೇಳೀನಿ. ನೀ ಒಮ್ಮೆ ನೋಡು."